ಬ್ರೂಜ್‌ನಲ್ಲಿ ಸುಮ್ಮನೆ ಕೂರುವುದು

ಕೂರುವುದು ನನ್ನ ಹವ್ಯಾಸ. ನಮ್ಮ ಮನೆಯಲ್ಲಿ ಯಾರೂ ಇದನ್ನು ಹವ್ಯಾಸವೆಂದು ಒಪ್ಪುವುದಿಲ್ಲ. ವಯಸ್ಸಾದ ಹೆಂಗಸು ಕೂತರೆ ಸುಸ್ತಾಗಿದೆ ಎಂದು ಅರ್ಥ, ನಿಂತರೆ ಏನೋ ಬೇಕಾಗಿದೆ ಎಂದು ಅರ್ಥ. ನೋಡಬೇಕೆನಿಸಿ ಕೂತಿರಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಇಷ್ಟು ಸಣ್ಣ ತಪ್ಪು ತಿಳಿವಳಿಕೆಯಿಂದ ನನ್ನ ಯೂರೋಪ್ ಪ್ರವಾಸ ತಪ್ಪಿಹೋಯಿತು ಎಂದರೆ ನೀವು ನಗುತ್ತೀರಿ. ನಗಿ, ಐ ಡೋಂಟ್ ಮೈಂಡ್. ಮೊದಮೊದಲು ನಾನೂ ನಗಲು ಪ್ರಯತ್ನಪಟ್ಟೆ.

ನಾನಿರುವುದು ಶಿವಮೊಗ್ಗದಲ್ಲಿ, ಮಗಳು ವಾಣಿ, ಅಳಿಯ ಲೋಕೇಶ ಮತ್ತು ಮೊಮ್ಮಕ್ಕಳ ಜೊತೆ. ಲೋಕೇಶನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಮನೆಮಂದಿಯೆಲ್ಲ ಒಮ್ಮೆ ಯೂರೋಪ್ ನೋಡಿ ಬರೋಣ ಎಂದು ಅವನೇ ಹೇಳಿದ. ಅತ್ತೆಯದು ಕಾನ್ವೆಂಟ್ ಇಂಗ್ಲಿಷ್, ಆದ್ದರಿಂದ ಪ್ಲಾನ್ ಹಾಕುವ ಕೆಲಸ ಅತ್ತೆಗೆ ಎಂದೂ ಅವನೇ ಹೇಳಿದ. ನನಗೆ ಆದ ಸಂತೋಷವನ್ನು ತೋರಿಸಿಕೊಳ್ಳಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಅದನ್ನೂ ಕಲಿಸಿದ್ದರು.

ತೊಂದರೆ ಏನೆಂದರೆ, ಲೋಕೇಶನಿಗೆ ಗೊತ್ತಿರುವ ಪ್ರವಾಸ ಒಂದೇ. ಬೇಸಿಗೆ ರಜೆಯಲ್ಲಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಕೋಳಿ ಕೂಗುವ ಮುಂಚೆ ಹೊರಟರೆ ಶೃಂಗೇರಿ, ಹೊರನಾಡು, ಕಳಸ, ಅಲ್ಲಿಂದ ಇಳಿದು ಧರ್ಮಸ್ಥಳ. ಅಷ್ಟು ದೂರ ಹೋದಮೇಲೆ ಸುಬ್ರಹ್ಮಣ್ಯ ಬಿಡುವುದುಂಟೇ? ದೇವರ ಮುಖ ಕಂಡಿತೋ ಇಲ್ಲವೋ, ಮಂಗಳಾರತಿ ತಟ್ಟೆಗೆ ಕೈ ಚಾಚಿ ಓಡಿಬಂದು ಗಾಡಿ ಹತ್ತುವುದು, ಪ್ರಸಾದವನ್ನು ಮುಂದಿನ ದೇವಸ್ಥಾನದ ದಾರಿಯಲ್ಲಿ ತಿನ್ನುವುದು. ಯೂರೋಪಿನ ಭೂಪಟವನ್ನೂ ಅವನು ಹೀಗೆಯೇ ನೋಡಿದ. ಪ್ಯಾರಿಸ್‌ಗೆ ಹೋಗುತ್ತೇವಾದರೆ ಸ್ವಿಟ್ಜರ್ಲೆಂಡ್ ದಾರಿಯಲ್ಲೇ ಇದೆ, ಅಲ್ಲಿಂದ ವೆನಿಸ್ ಪಕ್ಕದಲ್ಲೇ ಇದೆ, ರೋಮ್ ಅಂತೂ ಒಂದು ಬೆರಳಿನಷ್ಟು ಕೆಳಗೆ. ಲಂಡನ್ನಿಗೆ ಬೇರೆ ವೀಸಾ ಬೇಕು ಎಂದಾಗ, ಎದುರಿಗೇ ಕಾಣುವ ಊರಿಗೆ ಇದೆಂಥ ವೀಸಾ ಎಂದು ಅವನಿಗೆ ನಿಜವಾಗಿಯೂ ಬೇಸರವಾಯಿತು. ದೇವರಿಗಿಲ್ಲದ ವಾರದ ರಜೆ ಅಲ್ಲಿನ ಮ್ಯೂಸಿಯಮ್ಮುಗಳಿಗೆ ಇದೆ ಎಂದು ನಾನು ಹೇಳಿದ್ದನ್ನು ಅವನು ನಂಬಲೇ ಇಲ್ಲ.

ಹಿಂದೆ ಇಂಗ್ಲೆಂಡಿನ ಶ್ರೀಮಂತರು ತಮ್ಮ ಮಕ್ಕಳನ್ನು ಒಬ್ಬ ಮೇಷ್ಟರ ಜೊತೆ ಮಾಡಿ ಯೂರೋಪ್ ಸುತ್ತಲು ಕಳಿಸುತ್ತಿದ್ದರಂತೆ. ಅದಕ್ಕೆ ಗ್ರ್ಯಾಂಡ್ ಟೂರ್ ಎಂದು ಹೆಸರು. ಹುಡುಗರು ಒಂದು ಊರಿನಲ್ಲಿ ತಿಂಗಳುಗಟ್ಟಲೆ ಕೂತು ಚಿತ್ರ ನೋಡಿ, ನೃತ್ಯ ಕಲಿತು, ಒಂದಷ್ಟು ಕೆಟ್ಟು, ಆಮೇಲೆ ಮುಂದಿನ ಊರಿಗೆ ಹೊರಡುತ್ತಿದ್ದರು. ನಮ್ಮವರಿಗೆ ಕೆಡುವುದಕ್ಕೂ ಪುರಸೊತ್ತಿಲ್ಲ.

ನನಗೆ ಬೇಕಾಗಿದ್ದುದು ಬೆಲ್ಜಿಯಂ ದೇಶದ ಬ್ರೂಜ್ ಎಂಬ ಒಂದು ಸಣ್ಣ ಊರು. ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿನ ನ್ಯೂ ಟೌನಿನ ಮನೆಯಿಂದ ನಾನು ದಿನಾ ರೈಲಿನಲ್ಲಿ ಶಿವಮೊಗ್ಗದ ಕಾನ್ವೆಂಟಿಗೆ ಬರುತ್ತಿದ್ದೆ. ಅಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಸಿಸ್ಟರ್ ಆ ಊರಿನವರು. ಲೇಸ್ ಹೆಣೆಯುವಾಗ ನಾವು ಅವಸರ ಮಾಡಿದರೆ ಕೈ ಹಿಡಿದು ನಿಲ್ಲಿಸಿ, ತಮ್ಮೂರಿನ ಹೆಂಗಸರು ಕಾಲುವೆಯ ಪಕ್ಕ, ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇಡೀ ಮಧ್ಯಾಹ್ನ ಲೇಸ್ ಹೆಣೆಯುತ್ತಾರೆ, ಗಂಟೆಗೋಪುರದ ಗಂಟೆಗಳು ಹಾಡುತ್ತಿರುತ್ತವೆ ಎನ್ನುತ್ತಿದ್ದರು. ಬಾಗಿಲಲ್ಲಿ ಕೂತ ಹೆಣ್ಣಿಗೆ ಯಾರೂ ಬೈಯದ ಊರೊಂದು ಭೂಮಿಯ ಮೇಲಿದೆ ಎಂದು ನನಗೆ ಗೊತ್ತಾದದ್ದು ಹಾಗೆ.

ನಾನು ಹಾಕಿದ ಪ್ಲಾನ್ ಬಹಳ ರಿಯಲಿಸ್ಟಿಕ್ ಆಗಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಇಳಿಯುವುದು, ರೈಲಿನಲ್ಲಿ ಬ್ರೂಜ್, ಮತ್ತೆ ರೈಲಿನಲ್ಲಿ ಪ್ಯಾರಿಸ್, ಅಲ್ಲಿಂದಲೇ ವಾಪಸ್. ವಿಮಾನ ಇಳಿದ ಊರಿನಲ್ಲೇ ಮತ್ತೆ ಹತ್ತಬೇಕೆಂಬ ಹಟ ಬಿಟ್ಟರೆ ಹೋದ ದಾರಿಯನ್ನೇ ತಿರುಗಿ ತುಳಿಯುವುದು ತಪ್ಪುತ್ತದೆ. ಊರು ಬದಲಿಸಿದ ದಿನ ಬೇರೇನೂ ಇಟ್ಟುಕೊಳ್ಳಬಾರದು. ಪೆಟ್ಟಿಗೆ ಎಳೆಯುವುದೇ ಅವತ್ತಿನ ಕೆಲಸ. ಇದನ್ನೆಲ್ಲ ವಿವರಿಸಿದಾಗ ಎಲ್ಲರೂ ತಲೆದೂಗಿದರು. ಆದರೆ ಬ್ರೂಜ್‌ನ ಒಂದು ಮಧ್ಯಾಹ್ನಕ್ಕೆ ನಾನು ‘ಸುಮ್ಮನೆ ಕೂರುವುದು’ ಎಂದು ಹಾಕಿದ್ದೆ. ಲೋಕೇಶ ಅದನ್ನು ಎರಡು ಸಲ ಓದಿದ.

“ಅತ್ತೆ, ಕೂರಕ್ಕೆ ಅಲ್ಲೀತನಕ ಹೋಗ್ಬೇಕಾ? ನಮ್ ಜಗಲಿ ಏನ್ ಪಾಪ ಮಾಡಿದೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವತ್ತಿನಿಂದ ನನ್ನ ಮಂಡಿ ಮನೆಯ ಚರ್ಚೆಗೆ ಬಂತು. ಅದುವರೆಗೆ ತನ್ನ ಪಾಡಿಗೆ ನನ್ನ ಜೊತೆಗಿದ್ದ ಮಂಡಿ! ಒಂದು ಟ್ರಯಲ್ ನೋಡಿಬಿಡೋಣ ಎಂದ ಲೋಕೇಶ. ಬಂಡಿ ರಿಪೇರಿಯಾದ ಮೇಲೆ ಒಂದು ಸುತ್ತು ಓಡಿಸಿ ನೋಡುತ್ತಾರಲ್ಲ, ಹಾಗೆ. ಭಾನುವಾರ ಎಲ್ಲರೂ ಊರಾಚೆ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಹೋದೆವು. ಯೂರೋಪಿಗೆ ಲಾಯಕ್ಕೇ ಎಂದು ಹುಲಿಗಳ ಮುಂದೆ ಪರೀಕ್ಷೆ ಕೊಟ್ಟ ಹೆಂಗಸು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಾನು ಚೆನ್ನಾಗಿಯೇ ನಡೆದೆ. ಸಫಾರಿ ಬಸ್ಸಿನ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದೆ. ಮೃಗಾಲಯದ ಅರ್ಧ ದಾರಿಯಲ್ಲಿ ಒಂದು ಚಿರತೆ ಮರದ ದಿಮ್ಮಿಯ ಮೇಲೆ ಮಲಗಿತ್ತು, ಒಂದು ಕಾಲನ್ನು ಕೆಳಗೆ ಇಳಿಬಿಟ್ಟು. ಅಷ್ಟು ನೆಮ್ಮದಿಯಾಗಿ ಮಲಗಿದ ಜೀವವನ್ನು ನೋಡಿ ಬಹಳ ಕಾಲವಾಗಿತ್ತು. ಎದುರಿಗೆ ಕಲ್ಲುಬೆಂಚಿತ್ತು, ಕೂತೆ. ಅದು ಬಾಲ ಅಲ್ಲಾಡಿಸುತ್ತದೆಯೋ ನೋಡೋಣ ಎಂದು ಕೂತೇ ಇದ್ದೆ. ಮುಂದೆ ಹೋಗಿದ್ದ ಲೋಕೇಶ ತಿರುಗಿ ನೋಡಿದ. ವಾಣಿ ನೀರಿನ ಬಾಟಲಿ ಹಿಡಿದು ಓಡಿಬಂದಳು. ನೀರು ಬೇಡ ಎಂದೆ. ಬೇಡ ಎಂದದ್ದೂ ಸುಸ್ತಿನ ಲಕ್ಷಣವಾಗಿಯೇ ಕಂಡಿರಬೇಕು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಯೂರೋಪಿನ ಮಾತೆತ್ತಲಿಲ್ಲ.

ಮಾರನೆಯ ದಿನ ವಾಣಿ ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತ ಹೇಳಿದಳು. “ಅಮ್ಮ, ಅಲ್ಲೆಲ್ಲ ನಡೆಯೋದೇ ನಡೆಯೋದಂತೆ. ನಿಂಗೇ ಕಷ್ಟ ಆಗತ್ತೆ.”

“ಆಫ್ ಕೋರ್ಸ್, ಡಿಯರ್,” ಎಂದೆ.

ಚಿರತೆಯ ವಿಷಯ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇನ್ನೊಬ್ಬರಿಗೆ ಹೊರೆಯಾಗಬಾರದು ಎಂದು ಹುಡುಗಿಯರಿಗೆ ಅಷ್ಟು ಮುದ್ದಾದ ಇಂಗ್ಲಿಷಿನಲ್ಲಿ ಕಲಿಸಿಬಿಟ್ಟರೆ, ಮುಂದೆ ಅವರನ್ನು ಇಳಿಸಿ ಹೋಗುವುದು ಎಲ್ಲರಿಗೂ ಬಹಳ ಸುಲಭ. ಪ್ಲಾನ್ ರಿಯಲಿಸ್ಟಿಕ್ ಆಗಬೇಕಾದರೆ ಊರುಗಳನ್ನು ಕೈಬಿಡಬೇಕು ಎಂದು ನಾನು ತಿಳಿದಿದ್ದೆ. ಅವರು ಊರುಗಳನ್ನೆಲ್ಲ ಉಳಿಸಿಕೊಂಡು ನನ್ನನ್ನು ಬಿಟ್ಟರು. ಖಾಲಿಯಾದ ಮಧ್ಯಾಹ್ನಗಳಲ್ಲಿ ಸ್ವಿಟ್ಜರ್ಲೆಂಡ್ ಬಂದು ಕೂತಿತು, ವೆನಿಸ್ ಕೂತಿತು. ಬ್ರೂಜ್ ಮಾತ್ರ ಅಮ್ಮನ ಆಸೆ ಎಂದು ಉಳಿಯಿತು, ಬಾಡಿಗೆ ವ್ಯಾನ್ ಪ್ಯಾರಿಸ್ಸಿಗೆ ಹೋಗುವಾಗ ನಿಜಕ್ಕೂ ದಾರಿಯಲ್ಲೇ ಇತ್ತಲ್ಲ. ವೀಸಾ ಅರ್ಜಿಯ ಜೊತೆ ಇಡಬೇಕಾದ ಪತ್ರವನ್ನು ನನ್ನಿಂದಲೇ ಬರೆಸಿದರು. ಬ್ಯೂಟಿಫುಲ್ ಇಂಗ್ಲಿಷ್, ಎಲ್ಲರಿಗೂ ವೀಸಾ ಸಿಕ್ಕಿತು.

ಅವರು ಬರುವತನಕ ನನ್ನನ್ನು ಭದ್ರಾವತಿಯ ನನ್ನ ತಮ್ಮನ ಮನೆಯಲ್ಲಿ ಬಿಟ್ಟರು. “ಏನಕ್ಕಾ, ಸ್ವಿಟ್ಜರ್ಲೆಂಡ್ ಅಂತ ಹೊರಟೋಳು ನ್ಯೂ ಟೌನಲ್ಲೇ ಇಳ್ಕೊಂಡ್ಯಲ್ಲ ಮಾರಾಯ್ತಿ,” ಎಂದು ತಮ್ಮ ಚೀಲ ತೆಗೆದುಕೊಂಡ. ಅವನ ತಮಾಷೆಗೆ ಯಾವಾಗಲೂ ಹೊತ್ತುಗೊತ್ತು ಕಡಿಮೆ.

ಒಂದು ಸಂಜೆ ವಾಣಿಯ ವಿಡಿಯೋ ಕಾಲ್ ಬಂತು. ಬ್ರೂಜ್ ಮುಟ್ಟಿದ್ದರು. ಕಾಲುವೆ, ಸೇತುವೆ, ಯಾರದೋ ಬೆನ್ನು, ಮತ್ತೆ ಕಾಲುವೆ, ಎಲ್ಲವೂ ಗಿರಗಿರನೆ ತಿರುಗಿದವು. ಫೋನನ್ನು ಎಲ್ಲಾದರೂ ಒಂದು ಬೆಂಚಿನ ಮೇಲಿಟ್ಟು ನೀನೂ ಕೂತುಕೋ, ಏನೂ ತೋರಿಸಬೇಡ ಎಂದೆ. ಅವಳು ಹಾಗೆಯೇ ಮಾಡಿದಳು. ನನಗೆ ಕಂಡದ್ದು ಬೂದು ಬಣ್ಣದ ಆಕಾಶ, ಒಂದು ಮರದ ಕೊಂಬೆ, ಮಗಳ ಭುಜದ ತುದಿ. ಗಂಟೆಗಳು ಹಾಡಿದವು. ಇಬ್ಬರೂ ಕೂತು ಕೇಳಿದೆವು. ಅಷ್ಟರಲ್ಲಿ ಲೋಕೇಶ ಕೂಗಿದ. ವಾಣಿ ಗಡಿಬಿಡಿಯಲ್ಲಿ ಫೋನನ್ನು ಹಾಗೆಯೇ ವ್ಯಾನಿಟಿ ಬ್ಯಾಗಿಗೆ ತುರುಕಿದಳು, ಕಾಲ್ ಕಟ್ ಮಾಡದೆ. ಹೀಗೆ ನಾನು ಬೆಲ್ಜಿಯಂ ದೇಶದಲ್ಲಿ ಸ್ವಲ್ಪ ದೂರ ಪ್ರಯಾಣ ಮಾಡಿದ್ದೇನೆ, ಬಿಸ್ಕತ್ತಿನ ಪೊಟ್ಟಣ ಮತ್ತು ಬಾಚಣಿಗೆಯ ನಡುವೆ, ಕತ್ತಲಲ್ಲಿ.

ವ್ಯಾನ್ ಹೊರಟ ಸದ್ದಾಯಿತು. “ಅತ್ತೆ ಬಂದಿದ್ರೆ ಇಲ್ಲೇ ಕೂತ್ಬಿಡೋರು. ಪ್ಯಾರಿಸ್ ಮುಟ್ದಂಗೇ,” ಎಂದ ಲೋಕೇಶ.

ವಾಣಿಯ ದನಿ ಹತ್ತಿರದಲ್ಲೇ ಕೇಳಿತು. “ನಂಗೂ ಏಳಕ್ಕೆ ಮನಸ್ಸಿರ್ಲಿಲ್ಲ. ಅವತ್ತು ತ್ಯಾವರೆಕೊಪ್ಪದಲ್ಲಿ ಅಮ್ಮಂಗೆ ಸುಸ್ತಾಗಿರ್ಲಿಲ್ಲ ಅನ್ಸತ್ತೆ ಕಣ್ರೀ.”

“ಈಗ್ಯಾಕೆ ಅದು?” ಎಂದ ಅವನು.

ಕದ್ದು ಕೇಳುವುದು ಬ್ಯಾಡ್ ಮ್ಯಾನರ್ಸ್. ಕಾಲ್ ಕಟ್ ಮಾಡಿದೆ. ಒಳಗಿಂದ ಬಂದ ತಮ್ಮನ ಹೆಂಡತಿ, ಫೋನ್ ಹಿಡಿದುಕೊಂಡು ಕೂತೇ ಇದ್ದ ನನ್ನನ್ನು ನೋಡಿ, ಸುಸ್ತಾಯ್ತಾ ಅತ್ತಿಗೆ ಎಂದು ಕೇಳಿದಳು.

ಹೌದು ಎಂದೆ. ಈ ಸಲ ಅದು ನಿಜವಾಗಿತ್ತು.