ಗೌರತ್ತೆಯ ಇಳಿಯದ ಮಾತ್ರೆ

ಗೌರತ್ತೆ ಸಾಲಾಗಿ ಮೂರು ಸಲ ಆಕಳಿಸಿದರೆ ನಮ್ಮ ಮನೆಯಲ್ಲಿ ಮುದ್ದೆಗೆ ಎಸರು ಇಡುತ್ತಿದ್ದರು. ನಿದ್ದೆಯ ಆಕಳಿಕೆಯಲ್ಲ ಅದು. ಅರೆತಲೆನೋವು ಬರುತ್ತಿದೆ ಎಂಬ ಸೂಚನೆ. ಅಪ್ಪನ ತಂಗಿ ಆಕೆ. ಗಂಡ ತೀರಿಕೊಂಡ ಮೇಲೆ ಬಿಳಿಗೆರೆ ಹತ್ತಿರದ ನಮ್ಮ ಮನೆಗೇ ಬಂದವಳು. ಊರಿನ ಡೈರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ. "ನಿಮ್ಮೆಮ್ಮೆ ಇವತ್ತು ಕಬಿನಿಲಿ ಈಜಾಡ್ಕೊಂಡ್ ಬಂತಾ ಯಜಮಾನ್ರೇ?" ಎಂದು ಕೇಳಿದಳೆಂದರೆ ನೀರು ಬೆರೆಸಿದವನು ಕ್ಯಾನು ಎತ್ತಿಕೊಂಡು ಹಿಂದಕ್ಕೆ.

ಅಂಥವಳ ಮಾತು ಮನೆಯಲ್ಲಿ ನಡೆಯುತ್ತಿರಲಿಲ್ಲ. ಮಾತ್ರೆ ಕೈಯಲ್ಲೇ ಇರುತ್ತಿತ್ತು, ನುಂಗಲು ಅಜ್ಜಿ ಬಿಡಬೇಕಲ್ಲ! "ಬರೀ ಒಟ್ಟೆಗೆ ನುಂಗುದ್ರೆ ಕರುಳು ಸುಟ್ಟೋಯ್ತದೆ ಕಣವ್ವ. ಉಣ್ಣು ಮೊದ್ಲು." ನೀರು ಕುದಿದು, ಹಿಟ್ಟು ಬೆಂದು, ಮುದ್ದೆ ತಟ್ಟೆಗೆ ಬರುವಷ್ಟರಲ್ಲಿ ನೋವು ಕಣ್ಣಿಗೆ ಇಳಿದಿರುತ್ತಿತ್ತು. ಬಲವಂತದ ನಾಲ್ಕು ತುತ್ತು, ಆಮೇಲೆ ಮಾತ್ರೆ, ಆಮೇಲೆ ಬಚ್ಚಲು.

"ಮಾತ್ರೆ ಕೆಳಕ್ಕಿಳೀತಿಲ್ಲ, ಮುದ್ದೆ ಮ್ಯಾಲೇ ಕುಂತದೆ. ಒಟ್ಟೇನೇ ನಿಂತೋಗದೆ ಅನ್ನುಸ್ತದೆ" ಎಂದು ಅವಳು ಗೋಗರೆದರೆ ಅಪ್ಪ ನಗುತ್ತಿದ್ದ: "ಒಟ್ಟೆ ಏನು ಗಡಿಯಾರ್ವಾ, ನಿಂತೋಗಕ್ಕೆ?"

ನಾನೇನು ಕಡಿಮೆಯೇ? ನಂಜನಗೂಡಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನು. ಒಮ್ಮೆ, ನುಂಗಿ ಎರಡು ಗಂಟೆಯ ಮೇಲೆ, ಅರ್ಧ ಕರಗಿದ ಮಾತ್ರೆ ವಾಂತಿಯಲ್ಲಿ ಬಂತು. ಅವಳ ಬಾಗಿಲಲ್ಲಿ ನಿಂತು ವಾದ ಮಂಡಿಸಿದೆ: ಇಷ್ಟು ಹೊತ್ತಾದರೂ ನೋವು ಹೋಗಿಲ್ಲವೆಂದರೆ ಒಂದೋ ಮಾತ್ರೆ ಸುಳ್ಳು, ಇಲ್ಲ ನೋವು ಸುಳ್ಳು.

"ನೀನೇ ಗೆದ್ದೆ ಕಣ್ಲಾ. ಈಗ ಲೈಟ್ ಆರ್ಸು."

ಆರಿಸಿದೆ. ಗೆದ್ದೆನೆಂದೇ ಅಂದುಕೊಂಡೆ. ಆ ಪೆದ್ದನ ಕಪಾಳಕ್ಕೆ ಬಾರಿಸಲು ಈಗ ಕೈ ತುರಿಸುತ್ತದೆ.

ಬೆಳಗಿನ ಹಾಲಿಗೆ ಮೇಲಿಂದ ಮೇಲೆ ಬರಲಿಲ್ಲವೆಂದು ಡೈರಿಯವರು ಅವಳನ್ನು ಬಿಡಿಸಿದರು. ಆಮೇಲೇ ಅವಳು ಹಟ ಹಿಡಿದು ತಿ. ನರಸೀಪುರದ ಡಾಕ್ಟರೊಬ್ಬರಲ್ಲಿಗೆ ಹೊರಟದ್ದು. ಜತೆಗೆ ನಾನೂ ಹೋದೆ.

"ಮೈಗ್ರೇನ್ ಶುರುವಾದ್ರೆ ಎಷ್ಟೋ ಜನಕ್ಕೆ ಹೊಟ್ಟೆ ಕೆಲಸ ನಿಧಾನ ಆಗುತ್ತೆ. ನುಂಗಿದ್ದು ಕರುಳಿಗೆ ಹೋಗ್ದೆ ಅಲ್ಲೇ ಕೂರುತ್ತೆ" ಎಂದರು ಡಾಕ್ಟರು. "ಸೂಚನೆ ಸಿಕ್ಕಿ ನೋವು ಶುರುವಾದ ತಕ್ಷಣ ತಗೊಳ್ಳಿ, ಊಟಕ್ಕೆ ಕಾಯ್ಬೇಡಿ. ಜತೆಗೆ ವಾಂತಿ ಮಾತ್ರೆ ಕೊಡ್ತೀನಿ, ಅದು ಹೊಟ್ಟೇನೂ ಕದಲಿಸುತ್ತೆ. ಬಗ್ಗದಿದ್ರೆ ಇಂಜೆಕ್ಷನ್ ಇದೆ, ಮೂಗಿಗೆ ಹೊಡೆಯೋ ಸ್ಪ್ರೇ ಇದೆ."

ಎರಡು ನಿಮಿಷದ ಮಾತು. ಹದಿನೆಂಟು ವರ್ಷ ಅವಳು ಹೇಳಿದ್ದೂ ಇದನ್ನೇ. ಗೌರತ್ತೆ ಹಿಗ್ಗಲಿಲ್ಲ, ನನ್ನತ್ತ ತಿರುಗಿಯೂ ನೋಡಲಿಲ್ಲ.

ಔಷಧಿ ಹಿಡಿಯಿತು. ಅವಳು ಮಾತ್ರ ಮನೆಗೆ ಮರಳಲಿಲ್ಲ. ನರಸೀಪುರದಲ್ಲೇ ಗೆಳತಿಯ ಹಾಲಿನಂಗಡಿ ಸೇರಿದಳು. ಹೋದ ತಿಂಗಳು ಕರೆಯಲು ಅಂಗಡಿಗೇ ಹೋದೆ.

"ಬಾ ಅತ್ತೆ. ಈಗ ಎಲ್ರೂ ನಿನ್ನ ಮಾತು ನಂಬ್ತಾರೆ."

"ನನ್ ಮಾತಲ್ಲ ಕಣ್ಲಾ, ಡಾಕ್ಟ್ರು ಮಾತ ನಂಬವ್ರೆ. ನಾಳೆ ಸೊಂಟ ಇಡ್ಕತು ಅಂದ್ರೆ? ಇನ್ನೊಬ್ಬ ಡಾಕ್ಟ್ರು ಸಾಕ್ಷಿ ಯೋಳೋಗಂಟ ಕಾಯ್ಲಾ?"

ವಾದಿಸಲು ಬಾಯಿ ತೆರೆದೆ.

"ವಸಿ ಜರುಗ್ಲಾ, ಇಂದೆ ಜನ ನಿಂತವ್ರೆ" ಎಂದಳು.

ಜರುಗಿದೆ.