ಮೈಮೂನಕ್ಕನ ಜಲ್ಲಿ

ಮೊನ್ನೆ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಫ್ಲೈಓವರಿನ ನೆರಳಲ್ಲಿ ಕುಳಿತ ಹೂವಿನ ಹೆಂಗಸು ನೀರಿನ ಡಬ್ಬಿಯಿಂದ ಬಾಳೆನಾರಿನ ಕಟ್ಟನ್ನು ಎತ್ತಿ ಹಿಂಡಿದಳು. ಮಲ್ಲಿಗೆಯ ಪರಿಮಳಕ್ಕಾದರೆ ಮೂಗು ತಾನಾಗಿ ತಿರುಗುತ್ತದೆ. ನೆನೆದ ಬಾಳೆನಾರಿನ ವಾಸನೆ ಹಾಗಲ್ಲ, ಅದನ್ನು ಗೊತ್ತಿದ್ದವರೇ ಹಿಡಿಯಬೇಕು. ತೊಳೆದಿಟ್ಟ ಮಣ್ಣಿನ ಮಡಕೆಯದ್ದು ಸ್ವಲ್ಪ, ಮಳೆಗೆ ಸಿಕ್ಕಿದ ಗೋಣಿಯದ್ದು ಸ್ವಲ್ಪ ಬೆರೆತ ಹಾಗಿರುತ್ತದೆ. ಲಾರಿಗಳ ಹೊಗೆ, ಕಂಡಕ್ಟರುಗಳ ಕೂಗು, ಏಪ್ರಿಲ್ ತಿಂಗಳ ಬೆವರು ಇವೆಲ್ಲದರ ನಡುವೆ ಅದು ನನ್ನನ್ನು ಹುಡುಕಿಕೊಂಡು ಬಂತು. ಹತ್ತಬೇಕಾದ ಬಸ್ಸು ಬಂದು ಹೋಯಿತು. ನಾನು ಬೊಕ್ಕಪಟ್ಣದ ಅಜ್ಜಿಮನೆಯ ಜಗಲಿಯಲ್ಲಿದ್ದೆ. ಆ ಮನೆ ಇದ್ದಲ್ಲಿ ಈಗ ದೋಣಿಯ ಇಂಜಿನ್ ರಿಪೇರಿ ಮಾಡುವ ಶೆಡ್ಡು ಉಂಟು. ನಿಮಗೂ ಅಂಥದೊಂದು ಜಗಲಿ ಇದ್ದಿರಬಹುದು. ಈಗ ಅದರ ಜಾಗಕ್ಕೆ ಹೋಗಿ ನಿಂತರೆ ಯಾವ ಬದಿಗೆ ಮುಖ ಮಾಡಬೇಕೆಂದು ತಿಳಿಯದ ಹಾಗೆ.

ಅಜ್ಜಿಯದು ಮೀನು ಮಾರುವ ಕೆಲಸ. ಬೆಳಗಿನ ಜಾವ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಹೋಗಿ ಬುಟ್ಟಿ ತುಂಬಿಸಿಕೊಂಡು, ಮನೆಮನೆ ತಿರುಗಿ, ಬಿಸಿಲು ನೆತ್ತಿಗೆ ಬರುವಾಗ ಹಿಂದಿರುಗುತ್ತಿದ್ದರು. ಗಂಜಿ ಊಟ ಮಾಡಿ ಸ್ವಲ್ಪ ಒರಗಿ ಎದ್ದ ಮೇಲೆ ಬಾವಿಕಟ್ಟೆಯಲ್ಲಿ ಅವರದೊಂದು ಕ್ರಮವಿತ್ತು. ಮೊದಲು ಒಲೆಯ ಬೂದಿ, ಆಮೇಲೆ ಹುಣಸೆಹುಳಿ, ಕೊನೆಗೆ ಲಿಂಬೆಯ ಸಿಪ್ಪೆ. ಬೆರಳಿನ ಸಂದು, ಉಗುರಿನ ಬುಡ ಎಲ್ಲ ತಿಕ್ಕಿ, ಕೈ ಮೂಸಿ ನೋಡಿ, ಸಮಾಧಾನವಾಗದೆ ಮತ್ತೊಮ್ಮೆ ತಿಕ್ಕುತ್ತಿದ್ದರು. ಹೂವಿನ ಗೆರಸೆಗೆ ಕೈ ಹಾಕುವ ಮೊದಲು ಎಲ್ಲರೂ ಹಾಗೆ ಮಾಡಬೇಕು. ಮಕ್ಕಳಿಗೂ ಬಿಡುಗಡೆ ಇಲ್ಲ. ಆಮೇಲೆ ಜಗಲಿ ತುಂಬುತ್ತಿತ್ತು. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಅಂಗಳದ ಮಲ್ಲಿಗೆ, ಅಬ್ಬಲಿಗೆ, ಮರುಗ ಸೆರಗಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ನದಿಯ ಕಡೆಯಿಂದ ಗಾಳಿ ಬರಬೇಕು ಅಂದರೆ ಬರುತ್ತಿತ್ತು, ಇಲ್ಲವಾದರೆ ಇಲ್ಲ. ಯಾರಿಗೂ ಅವಸರವಿರಲಿಲ್ಲ. ಒಬ್ಬರು ನಾರು ಸೀಳುವುದು, ಒಬ್ಬರು ಮೊಗ್ಗುಗಳನ್ನು ಜೋಡಿ ಮಾಡಿ ಇಡುವುದು, ಒಬ್ಬರು ಕಟ್ಟುವುದು. ನಮ್ಮ ಮಾತು ತುಳು, ಪಕ್ಕದ ಹಮೀದಾಕನ ಮನೆಯವರದು ಬ್ಯಾರಿ. ಜಗಲಿಯಲ್ಲಿ ಎರಡೂ ಕಲಸಿಹೋಗಿ ಯಾವುದು ಯಾವುದೆಂದು ಯಾರೂ ಬೇರ್ಪಡಿಸಲು ಹೋಗುತ್ತಿರಲಿಲ್ಲ.

ಹಮೀದಾಕನಿಗೆ ಬೆಲ್ಲ, ತೆಂಗಿನೆಣ್ಣೆಯ ಸಣ್ಣ ಅಂಗಡಿ. ಹೆಂಡತಿ ತೀರಿಕೊಂಡಾಗ ಮಗಳು ಮೈಮೂನ ಇನ್ನೂ ಲಂಗ ಎತ್ತಿ ಹಿಡಿದು ಓಡಾಡುವ ಪ್ರಾಯದವಳು. ಅಪ್ಪ ಅಂಗಡಿಯಲ್ಲಿ, ಮಗಳು ನಮ್ಮ ಜಗಲಿಯಲ್ಲಿ, ಹೀಗೆ ಅವಳು ಬೆಳೆದಳು. ನಮಗೆಲ್ಲ ಮೈಮೂನಕ್ಕ. ಅವಳು ಕಟ್ಟಿದ ಮಾಲೆಯನ್ನು ತಿರುಗಿಸಿ ನೋಡಿದರೆ ಹಿಂಬದಿಯೂ ಮುಂಬದಿಯ ಹಾಗೆಯೇ ಇರುತ್ತಿತ್ತು. ಅಜ್ಜಿ ಯಾರನ್ನೂ ಬಾಯಿಬಿಟ್ಟು ಹೊಗಳುವವರಲ್ಲ. "ಕೈ ಅಡ್ಡಿ ಇಲ್ಲ" ಎನ್ನುತ್ತಿದ್ದರು, ಅಷ್ಟೇ. ಆದರೆ ಒಂದು ಮಾತು ಅವಳಿಗೆ ಕೊಟ್ಟಿದ್ದರು: "ನಿನ್ನ ಮದುವೆಗೆ ಜಲ್ಲಿ ನಾನೇ ಕಟ್ಟುವುದು." ಜಲ್ಲಿ ಅಂದರೆ ಮದುಮಗಳ ಜಡೆಯನ್ನು ಮೇಲಿನಿಂದ ತುದಿಯವರೆಗೆ ಮುಚ್ಚುವ ಹೂವಿನ ಹೊದಿಕೆ. ತಾಯಿ ಇರುವ ಮನೆಯಲ್ಲಾದರೆ ಅದನ್ನು ಮುಡಿಸುವುದು ತಾಯಿಯೇ. ಅಜ್ಜಿ ಯಾಕೆ ಆ ಮಾತು ಕೊಟ್ಟರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೈಮೂನಕ್ಕನ ಮದುವೆ ನಿಶ್ಚಯವಾದ ಬೇಸಿಗೆಯಲ್ಲೇ ನನ್ನ ಚಿಕ್ಕಮ್ಮನಿಗೆ ಒಂದು ಹೊಸ ಹುಚ್ಚು ಹಿಡಿದಿತ್ತು. ಕೊಡ್ಡಾಯಿ, ಕೆಂಬೇರಿಯಂಥ ಮೀನುಗಳ ದೊಡ್ಡ ದೊಡ್ಡ ಹುರುಪೆಗಳನ್ನು ಒಟ್ಟು ಮಾಡಿ, ಅಂಟುವಾಳದ ನೊರೆಯಲ್ಲಿ ದಿನಗಟ್ಟಲೆ ನೆನೆಸಿ, ನೀರು ಬದಲಾಯಿಸಿ, ಸಾಬೂನು ಹಾಕಿ ತೊಳೆದು, ನೆರಳಲ್ಲಿ ಒಣಗಿಸುವುದು. ಒಣಗಿದ ಮೇಲೆ ಅವು ತುದಿ ಒಳಕ್ಕೆ ಬಾಗಿದ, ಬೆಳಕು ಹಾಯುವ ಎಸಳುಗಳಾಗುತ್ತಿದ್ದವು. ಹಳೆಯ ಪಂಪಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ಎಳೆಯಲ್ಲಿ ಅವನ್ನು ಸುತ್ತಿ ಸುತ್ತಿ ಕಟ್ಟಿದರೆ ಒಂದು ಹೂವು. ನಾವು ಮಕ್ಕಳೆಲ್ಲ ಅದರ ಹಿಂದೆ ಬಿದ್ದೆವು. ಒಂದು ಹೂವಿಗೆ ಅರ್ಧ ಮಧ್ಯಾಹ್ನ ಹೋದರೂ ಬೇಜಾರಿಲ್ಲ. ಅಜ್ಜಿಗೆ ಮಾತ್ರ ಅದು ಕಣ್ಣಿಗೆ ಆಗದು. "ಮೀನು ಹೊತ್ತು ಹೊತ್ತು ನನ್ನ ತಲೆ ಬೋಳಾಯಿತು, ಇನ್ನು ಅದನ್ನೇ ಮುಡಿಯಬೇಕಾ? ಬೆಕ್ಕು ಹಿಂದೆ ಬಂದರೆ ನನ್ನನ್ನು ಕರೀಬೇಡಿ." ಚಿಕ್ಕಮ್ಮ ತಲೆ ಎತ್ತದೆ, "ಬೆಕ್ಕು ಬಂದರೆ ಬರಲಿ ಅಮ್ಮ, ಹೆಣ್ಣು ನೋಡ್ಲಿಕ್ಕಂತೂ ಯಾರೂ ಬರುವುದಿಲ್ಲ" ಎನ್ನುತ್ತಿದ್ದರು. ಜಗಲಿಯೆಲ್ಲ ನಗು. ಹೂಗಳು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬುತ್ತ ಹೋದವು.

ಗಂಡಿನ ಮನೆಯವರು ಪೇಟೆಯವರು, ಹುಡುಗನಿಗೆ ಗಲ್ಫಿನಲ್ಲಿ ಕೆಲಸ. ಜಲ್ಲಿ, ಅಲಂಕಾರ ಎಲ್ಲ ನಾವೇ ತರಿಸುತ್ತೇವೆ ಎಂದು ಅವರು ಹೇಳಿ ಕಳಿಸಿದರು. ಮೈಮೂನಕ್ಕ ಅದೊಂದಕ್ಕೆ ಒಪ್ಪಲಿಲ್ಲ. "ಜಲ್ಲಿ ಅಜ್ಜಿಯದ್ದೇ" ಎಂದಳು. ಮದುವೆಯ ಹಿಂದಿನ ದಿನ ಮೊಗ್ಗು ಬಂತು. ಬಾಳೆಯ ಹಾಳೆಯ ಮೇಲೆ ಸಾಲು ಸಾಲಾಗಿ ಹೊಲಿದು ಮುಗಿಸುವಾಗ ಸಂಜೆ. ಆ ವರ್ಷದ ಸೆಕೆ ಹೇಗಿತ್ತೆಂದರೆ ಕಟ್ಟುತ್ತಿರುವಾಗಲೇ ಮೊಗ್ಗುಗಳು ಬಾಯಿಬಿಡಲು ನೋಡುತ್ತಿದ್ದವು. ಬೆಳಗ್ಗೆ ಮುಡಿಸುವ ಹೊತ್ತಿಗೆ ಎಲ್ಲ ಅರಳಿ ಬಾಡಿದರೆ? ಅಜ್ಜಿ ಒದ್ದೆ ಬಟ್ಟೆ ಹೊದಿಸಿದರು, ತೆಗೆದರು, ಮತ್ತೆ ಹೊದಿಸಿದರು. ಅಷ್ಟರಲ್ಲಿ ಮೀನು ಹಿಡಿದು ಕಡಲಿನಿಂದ ಬಂದ ಮಾವ, ಅಜ್ಜಿಯ ಮಗ, ಇದನ್ನು ನೋಡಿ, "ಎಂತಕ್ಕೆ ಇಷ್ಟು ಮಂಡೆಬಿಸಿ? ನಮ್ಮ ಪೆಟ್ಟಿಗೆಯಲ್ಲಿ ಐಸ್ ಉಂಟಲ್ಲ!" ಎಂದರು. ಎಲ್ಲರಿಗೂ ಹೌದಲ್ಲ ಅನ್ನಿಸಿತು. ಮಾವ ಮೀನಿನ ಪೆಟ್ಟಿಗೆಯನ್ನು ಉಜ್ಜಿ ಉಜ್ಜಿ ತೊಳೆದು, ಹೊಸ ಐಸ್ ಒಡೆದು ಹಾಕಿ, ಮೇಲೆ ಬಾಳೆಲೆ ಹಾಸಿ, ಜಲ್ಲಿಯನ್ನು ಎಳೆಮಗುವಿನ ಹಾಗೆ ಮಲಗಿಸಿದರು.

ಬೆಳಗ್ಗೆ ತೆಗೆದು ನೋಡಿದರೆ ಒಂದು ಮೊಗ್ಗೂ ಬಿರಿದಿರಲಿಲ್ಲ. ಅಜ್ಜಿ ಮೂಸಿದರು, ಚಿಕ್ಕಮ್ಮ ಮೂಸಿದರು, ಮಾವ ಮೂಸಿ ಮೀಸೆ ತಿರುವಿದರು. ನಾನೂ ಮೂಸಿದೆ. ಘಮಘಮ ಮಲ್ಲಿಗೆ, ಬೇರೇನೂ ಇಲ್ಲ. ತಟ್ಟೆಯಲ್ಲಿಟ್ಟುಕೊಂಡು ಮೆರವಣಿಗೆಯ ಹಾಗೆ ಹಮೀದಾಕನ ಮನೆಗೆ ಹೋದೆವು. ಅಲ್ಲಿ ಹಮೀದಾಕನ ತಂಗಿ, ಮೈಮೂನಕ್ಕನ ಅತ್ತೆ, ಮದುವೆಗೆಂದು ಬಂದಿದ್ದರು. ಬಾಗಿಲಲ್ಲೇ ಅವರ ಮೂಗಿನ ಹೊಳ್ಳೆ ಅಗಲವಾಯಿತು. "ಯಾ ಅಲ್ಲಾ, ಇದು ಮಲ್ಲಿಗೆಯಾ, ಬಂಗುಡೆಯಾ?" ಅಂದರು. ಯಾರೋ ಕಿಸಕ್ಕನೆ ನಕ್ಕರು, ಅತ್ತೆ ನಗಲಿಲ್ಲ. "ತಮಾಷೆ ಅಲ್ಲ. ಗಂಡಿನ ಮನೆಯ ಹೆಂಗಸರು ಬಂದು ಮದುಮಗಳ ತಲೆ ಮುಟ್ಟಿ ನೋಡ್ತಾರೆ. ಮೊದಲ ದಿನವೇ ಅವರ ಬಾಯಿಗೆ ಬಿದ್ದರೆ ಹುಡುಗಿ ಜೀವನ ಇಡೀ ಕೇಳಬೇಕು." ಅಜ್ಜಿ ಜಲ್ಲಿಯನ್ನು ಮತ್ತೆ ಮೂಗಿನ ಹತ್ತಿರ ತಂದರು. ಅವರಿಗೆ ಗೊತ್ತಾಗಲೇ ಇಲ್ಲ. ನಮಗ್ಯಾರಿಗೂ ಗೊತ್ತಾಗಲಿಲ್ಲ. ಗಾಳಿಯ ಹಾಗೆ ಹುಟ್ಟಿದಂದಿನಿಂದ ಉಸಿರಾಡಿದ್ದನ್ನು ಮೂಗು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಜ್ಜಿಯ ಮುಖ ಆ ಹೊತ್ತು ಹೇಗಾಯಿತೆಂದು ಬರೆಯಲು ಇಷ್ಟು ವರ್ಷಗಳಾದ ಮೇಲೂ ಕೈ ಬರುವುದಿಲ್ಲ.

ಅಂಗಳದ ಮೊಗ್ಗೆಲ್ಲ ಆ ಜಲ್ಲಿಗೇ ಮುಗಿದಿತ್ತು. ಬೇರೆ ಮಲ್ಲಿಗೆ ತರೋಣವೆಂದರೆ ಪೇಟೆಗೆ ಹೂವು ಬಂದು ಇಳಿಯುವಾಗ ಮಧ್ಯಾಹ್ನವಾಗುತ್ತದೆ. ಗಂಡಿನವರು ಅದಕ್ಕೂ ಮೊದಲೇ ಬರುವವರು. "ಅವರಿಗೇ ಫೋನ್ ಮಾಡಿ ಒಂದು ತರಿಸುವ" ಎಂದರು ಅತ್ತೆ. ಮೈಮೂನಕ್ಕ ಮದರಂಗಿಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತವಳು, ಯಾರನ್ನೂ ನೋಡದೆ, "ಚಿಕ್ಕಮ್ಮನ ಡಬ್ಬಿಯಲ್ಲಿ ಹೂ ಉಂಟಲ್ಲ" ಎಂದಳು. ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಜಲ್ಲಿಯನ್ನು ತಟ್ಟೆಗೆ ಇಳಿಸಿ, ನನಗೆ ಕಣ್ಸನ್ನೆ ಮಾಡಿದರು. ನಾನು ಓಡಿ ಡಬ್ಬಿ ತಂದೆ. ಅವರು ಒಂದು ಹೂವನ್ನು ಎತ್ತಿ, ಮೂಗಿನವರೆಗೆ ತಂದು, ಅಲ್ಲಿಗೇ ನಿಲ್ಲಿಸಿ, ಅತ್ತೆಯ ಮುಂದೆ ಹಿಡಿದರು. "ನಮ್ಮ ಮೂಗಿನ ಮೇಲೆ ನನಗೆ ಈಗ ನಂಬಿಕೆ ಇಲ್ಲ. ನೀವೇ ನೋಡಿ ಹೇಳಿ."

ಅತ್ತೆ ಮೂಸಿದರು. ಮತ್ತೆ ಮೂಸಿದರು. "ಸಾಬೂನಿನ ವಾಸನೆ ಬರ್ತದೆ" ಎಂದರು.

ಆಮೇಲೆ ನಡೆದ ಕೆಲಸ ಜಗಲಿಯ ಕೆಲಸವೇ, ಆದರೆ ಹಮೀದಾಕನ ಮನೆಯ ನಡುಕೋಣೆಯಲ್ಲಿ. ನಾವು ಮಕ್ಕಳು ಅಂಗಳದ ಅಬ್ಬಲಿಗೆಯನ್ನೆಲ್ಲ ಕೊಯ್ದು ತಂದೆವು. ಹೊಸ ಬಾಳೆಹಾಳೆಯ ಮೇಲೆ ಹುರುಪೆಯ ಬಿಳಿ ಹೂವು, ನಡುನಡುವೆ ಕೆಂಪು ಅಬ್ಬಲಿಗೆ, ಅಂಚಿಗೆ ಮರುಗ. ಮದುಮಗಳು ಕೆಲಸ ಮುಟ್ಟಬಾರದೆಂದು ಅತ್ತೆ ಗದರಿದರೂ ಮೈಮೂನಕ್ಕ ಸೂಜಿ ಹಿಡಿದು ಅಜ್ಜಿಯ ಎದುರು ಕುಳಿತಳು; ಅವಳು ಆ ತುದಿಯಿಂದ, ಅಜ್ಜಿ ಈ ತುದಿಯಿಂದ. ಅಷ್ಟು ಅವಸರದ ಹೊತ್ತಿನಲ್ಲೂ ಇಬ್ಬರ ಕೈಯೂ ಎಂದಿನ ನಿಧಾನದಲ್ಲೇ ಹೋಗುತ್ತಿತ್ತು. ನಡುವೆ ಸೂಜಿಗಳು ಸೇರಿದಾಗ ಅಜ್ಜಿ ಜಲ್ಲಿಯನ್ನು ತಿರುಗಿಸಿ ಹಿಂಬದಿ ನೋಡಿದರು. "ಕೈ ಅಡ್ಡಿ ಇಲ್ಲ" ಎಂದರು. ಮೈಮೂನಕ್ಕ ಅತ್ತದ್ದು ಆಗ. ಮುಡಿಸುವಾಗ ಅಜ್ಜಿಯ ಬೆರಳುಗಳು ಅವಳ ಕೂದಲಿಗೆ ತಾಗದ ಹಾಗೆ ಹಾಳೆಯ ಅಂಚನ್ನಷ್ಟೇ ಹಿಡಿದುಕೊಂಡಿದ್ದವು. ಅವಳು ಹಿಂದೆ ಕೈ ಚಾಚಿ ಆ ಬೆರಳುಗಳನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಗಂಡಿನ ಮನೆಯ ಹೆಂಗಸರು ಬಂದರು, ಮುಟ್ಟಿದರು, ಬಗ್ಗಿ ನೋಡಿದರು. ಒಬ್ಬ ಹಿರಿಯಾಕೆ "ಎಷ್ಟು ಚಂದದ ಹೂವು, ಎಲ್ಲಿಂದ ತರಿಸಿದ್ದು?" ಎಂದು ಕೇಳಿದರು. ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ: "ಕಡಲಿನ ಆಚೆಯದ್ದಲ್ಲ, ಈಚೆಯದ್ದೇ."

ಅಂಥ ಬೇಸಿಗೆ ಮತ್ತೆ ಬರಲಿಲ್ಲ. ಮೈಮೂನಕ್ಕ ಗಲ್ಫಿಗೆ ಹೋದಳು, ಚಿಕ್ಕಮ್ಮನನ್ನು ಪಣಂಬೂರಿಗೆ ಕೊಟ್ಟರು, ನನ್ನ ರಜೆಗಳನ್ನು ಟ್ಯೂಶನ್ ತಿಂದುಹಾಕಿತು. ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು, ಪಾಲಾದದ್ದು ಮಾರಿಹೋಯಿತು. ಈಗ ಕಾವೂರಿನ ನಮ್ಮ ಬಿಲ್ಡಿಂಗಿನ ಹೆಂಗಸರು ಬೇಸಿಗೆಯಲ್ಲಿ ಮಹಡಿಯ ಹಾಲ್‌ನಲ್ಲಿ ಸೇರಿ ಕಾಗದದ ಹೂ ಮಾಡುತ್ತಾರೆ. ಮನಸ್ಸಿಗೆ ನಿಧಾನ ಕಲಿಸಲಿಕ್ಕಂತೆ. ನಾನೂ ಹೋಗಿ ಕೂರುತ್ತೇನೆ. ಒಳ್ಳೆಯ ಹೆಣ್ಣುಮಕ್ಕಳು, ಚೆಂದ ಮಾಡುತ್ತಾರೆ.

ಆದರೆ ನನಗೆ ನೆನಪಾಗುವುದು ಮದುವೆಯ ಮರುದಿನದ ಮಧ್ಯಾಹ್ನ. ಕಟ್ಟಲು ಹೂವಿರಲಿಲ್ಲ, ಇದ್ದಬದ್ದದ್ದೆಲ್ಲ ಹಿಂದಿನ ದಿನವೇ ಮುಗಿದಿತ್ತು. ಆದರೂ ಎಲ್ಲರೂ ಬಂದು ಕುಳಿತರು. ಸ್ವಲ್ಪ ಹೊತ್ತಿಗೆ ಹಮೀದಾಕ ಅಂಗಡಿಯ ಹಲಗೆ ಹಾಕಿ ಬಂದು ಮೆಟ್ಟಿಲ ಕೆಳಗೆ ನಿಂತರು. ಹೆಂಗಸರ ಆ ಹೊತ್ತಿನಲ್ಲಿ ಅವರು ಎಂದೂ ಇತ್ತ ಬಂದವರಲ್ಲ. "ಮನೆಯಲ್ಲಿ ಒಂದು ಶಬ್ದ ಇಲ್ಲ" ಎಂದರು ಅವರು, ಅಂಗಳದ ಮಣ್ಣು ನೋಡುತ್ತ. ಅಜ್ಜಿ ಸ್ವಲ್ಪ ಸರಿದು, ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿದರು. "ಬಿಸಿಲಿಗೆ ಯಾಕೆ ನಿಂತದ್ದು? ಮೇಲೆ ಬನ್ನಿ, ಇಲ್ಲಿ ನೆರಳು ಉಂಟು." ಅವರು ಚಪ್ಪಲಿ ಕಳಚಿ ಬಂದು, ಮಗಳು ಕೂರುತ್ತಿದ್ದ ಕಡೆಯಲ್ಲೇ, ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಚಿಕ್ಕಮ್ಮ ಚಾ ತಂದಿಟ್ಟರು. ನದಿಯ ಕಡೆಯಿಂದ ಗಾಳಿ ಬರುವವರೆಗೆ ಯಾರೂ ಏಳಲಿಲ್ಲ.