ಬೀಗರಿಗೆ ಲೈಸೆನ್ಸ್ ಕೇಳುವುದು

ನನ್ನದೊಂದು ಕೆಟ್ಟ ಗುಣವಿದೆ. ಸಿಟ್ಟು ಬಂದಷ್ಟೂ ಮಾತು ಮೆತ್ತಗಾಗುತ್ತದೆ. ಯಾರ ಕೆನ್ನೆಗೆ ಬಾರಿಸಬೇಕೆನಿಸುತ್ತದೋ ಅವರಿಗೇ ‘ಚಹಾ ತಗೋರಿ’ ಎಂದುಬಿಡುತ್ತೇನೆ. ಹೀಗಾಗಿ ಹೋದ ವರ್ಷ ವೀರಣ್ಣ ನಮ್ಮ ಮನೆಯಲ್ಲಿ ಸಾಕಷ್ಟು ಚಹಾ ಕುಡಿದ.

ವೀರಣ್ಣ ನನ್ನ ಮಗಳ ಮಾವನ ತಮ್ಮ. ಊರು ತಾಂಡೂರು. ಜಹೀರಾಬಾದಿನಲ್ಲಿ ಒಂದು ಕೋಣೆ ಹಿಡಿದು, ಬಾಗಿಲ ಮೇಲೆ ವಿಮಾನದ ಚಿತ್ರ ಬರೆಸಿ, ಜನರನ್ನು ಮಸ್ಕತ್ತಿಗೆ ಕಳಿಸುತ್ತೇನೆಂದು ಹೇಳಿಕೊಳ್ಳುತ್ತಿದ್ದ. ನನ್ನ ಅಕ್ಕನ ಮಗ ಶರಣಪ್ಪ ಮನೆಗಳಿಗೆ ಕಲ್ಲಿನ ನೆಲ ಹಾಸುವವನು. ಮಸ್ಕತ್ತಿನಲ್ಲಿ ಅಂಥವರಿಗೆ ಕೆಲಸವಿದೆಯೆಂದು ಕೇಳಿ, ತಿಂಗಳುಗಟ್ಟಲೆ ಓಡಾಡಿ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದ. ಅದನ್ನು ವೀರಣ್ಣನ ಕೈಗೆ ಕೊಡಿಸಿದವನು ನಾನು, ನಾರಾಯಣಖೇಡದ ಮಕ್ಕಳಿಗೆ ದಿನಾ ಬುದ್ಧಿ ಹೇಳುವ ಮಾಸ್ತರ.

ಕೊಡುವ ಮುಂಚೆ ಶರಣಪ್ಪ ನನ್ನನ್ನು ಹಿತ್ತಲಿಗೆ ಕರೆದಿದ್ದ.

‘ಮಾಮಾ, ಈಗ ಸರ್ಕಾರದ ಲೈಸೆನ್ಸ್ ಇದ್ದವರೇ ಕಳಸಬೇಕಂತ್ರಿ. ಇವ್ರ ಹತ್ರ ಅದನೋ ಇಲ್ಲೋ, ಒಂದ್ ಮಾತ್ ಕೇಳ್ರಿ.’

‘ಬೀಗರಿಗೆ ಹಂಗ ಕೇಳ್ತಾರೇನೋ?’ ಎಂದು ನಾನು ಅವನಿಗೇ ಗದರಿದೆ.

ನಮ್ಮ ಜನರ ಈ ರೋಗಕ್ಕೆ ಏನೆನ್ನಬೇಕು? ಕುರಿ ಕೊಳ್ಳುವಾಗ ಬಾಯಿ ಅಗಲಿಸಿ ಹಲ್ಲು ನೋಡುತ್ತೇವೆ. ಅಡತಿ ಅಂಗಡಿಯಲ್ಲಿ ತೊಗರಿಕಾಳು ಕಡಿದು ನೋಡದೆ ಮಾತಾಡುವುದಿಲ್ಲ. ಮನುಷ್ಯನನ್ನು ಸಮುದ್ರ ದಾಟಿಸುವವನಿಗೆ ಮಾತ್ರ ನಮ್ಮದು ಒಂದೇ ಪರೀಕ್ಷೆ: ಅವನು ಯಾರ ಪೈಕಿ? ಅತಿಥಿ ದೇವರೆಂದು ಶಾಸ್ತ್ರ ಹೇಳುತ್ತದೆ, ಸರಿ. ಬೀಗರು ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ದೇವರು ಮುನಿದರೆ ಕಾಯಿ ಒಡೆಸಬಹುದು, ಬೀಗರು ಮುನಿದರೆ ಮಗಳು ಅತ್ತೆಮನೆಯಲ್ಲಿ ಚುಚ್ಚುಮಾತು ಕೇಳಬೇಕು. ಆ ಹೆದರಿಕೆಗೇ ನಾನು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ.

ಎಂಟು ತಿಂಗಳು ‘ಮುಂದಿನ ವಾರ’ ಎಂದ ವೀರಣ್ಣ ಕೊನೆಗೆ ಬರುವುದನ್ನೇ ಬಿಟ್ಟ. ನಾನು ಜಹೀರಾಬಾದಿಗೆ ಹೋದೆ. ಕೋಣೆಗೆ ಬೀಗ. ‘ಖಾಲಿ ಮಾಡಿ ಹೋಗ್ಯಾರ್ರಿ’ ಎಂದ ಪಕ್ಕದ ದರ್ಜಿ. ಬಾಗಿಲ ಮೇಲಿನ ವಿಮಾನವನ್ನು ಉಗುರಿನಿಂದ ಕೆರೆದುಹಾಕಬೇಕೆನಿಸಿತು. ಕೆರೆಯಲಿಲ್ಲ. ದರ್ಜಿಗೆ ನಮಸ್ಕಾರ ಮಾಡಿ ಬಂದೆ.

ಅಷ್ಟರಲ್ಲಿ ಶರಣಪ್ಪ ತಾನೇ ಹೈದರಾಬಾದಿನಲ್ಲಿ ಮಸ್ಕತ್ತಿಗೆ ಕಳಿಸುವ ಒಂದು ಕಚೇರಿ ಹುಡುಕಿದ್ದ. ಅಲ್ಲಿ ಲೈಸೆನ್ಸನ್ನು ಗೋಡೆಗೇ ತೂಗುಹಾಕಿದ್ದರಂತೆ, ಏನು ಕೊಟ್ಟರೂ ರಸೀದಿ ಬರೆದುಕೊಡುತ್ತಿದ್ದರಂತೆ. ಕೆಲಸವೂ ಇತ್ತು. ಆದರೆ ಹದಿನೈದು ದಿನದೊಳಗೆ ಪಾಸ್‌ಪೋರ್ಟ್ ತರಬೇಕು.

ಅದೇ ವಾರ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ತಾಂಡೂರಿನ ಬೀಗರೆಲ್ಲ ಬಂದರು. ನಾಚಿಕೆಗೆಟ್ಟ ವೀರಣ್ಣನೂ ಬಂದು ಅಣ್ಣನ ಪಕ್ಕ ಊಟಕ್ಕೆ ಕೂತ. ನನ್ನ ಮೈ ಉರಿಯಿತು. ಕಾರ್ಯ ಮುಗಿಯಲಿ ಎಂದು ಹೆಂಡತಿ ಕಣ್ಣಿನಲ್ಲೇ ಹೇಳಿದಳು. ನಾನು ಹಲ್ಲು ಕಚ್ಚಿಕೊಂಡು ತುಪ್ಪ ಬಡಿಸುತ್ತಿದ್ದೆ.

ಹೋಳಿಗೆ ಬಡಿಸುತ್ತ ಬಂದ ಅಕ್ಕ ಅವನ ಎಲೆಯ ಮುಂದೆ ನಿಂತಳು.

‘ವೀರಣ್ಣಾರ, ನನ್ನ ಮಗನ ಪಾಸ್‌ಪೋರ್ಟ್ ಎಲ್ಲದರಿ? ಅದು ಬರೋತನಕ ಈ ಎಲಿಗೆ ಹೋಳಿಗಿ ಬೀಳಂಗಿಲ್ರಿ.’

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ನನ್ನ ಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬೀಗರು, ಅಂದರೆ ಅವನ ಅಣ್ಣ, ನಿಧಾನವಾಗಿ ತಮ್ಮ ಮುಂದಿನ ಎಲೆಯನ್ನು ಆಚೆ ಸರಿಸಿದರು. ‘ಹೋಗಿ ತಗೊಂಡ್ ಬಾ. ಅಲ್ಲೀತನಕ ನನಗೂ ಊಟ ಬ್ಯಾಡ’ ಎಂದು ವೀರಣ್ಣನಿಗೆ ಹೇಳಿದರು.

ಪಾಸ್‌ಪೋರ್ಟ್ ಜಹೀರಾಬಾದಿನ ಯಾರದೋ ಟ್ರಂಕಿನಲ್ಲಿ ಬಿದ್ದಿತ್ತಂತೆ. ವೀರಣ್ಣ ಹೋಗಿ ಸಂಜೆಯ ಬಸ್ಸಿಗೆ ತಂದ. ಬೀಗರು ಮುನಿಯಲಿಲ್ಲ. ಉಂಡು, ಅಕ್ಕನಿಗೆ ಕೈಮುಗಿದು ಹೋದರು. ಇಷ್ಟು ತಿಂಗಳು ನಾನು ಹೆದರಿದ್ದು ಇದಕ್ಕೇ.

ಮರುದಿನ ಶರಣಪ್ಪ ಹೈದರಾಬಾದಿಗೆ ಹೊರಟ. ನಾನೂ ಇಸ್ತ್ರಿ ಅಂಗಿ ತೊಟ್ಟು ಸಿದ್ಧನಾದೆ.

‘ನೀವು ಬ್ಯಾಡ್ರಿ ಮಾಮಾ’ ಎಂದ, ಬಹಳ ಮೆತ್ತಗೆ. ‘ಅಲ್ಲಿ ಕೇಳೋದು ಭಾಳ ಇರ್ತದ. ಅವ್ವ ಬರ್ತಾಳ.’

ಬಸ್ಸು ಬಂದಾಗ ಕಿಟಕಿಯಿಂದ ಟವೆಲ್ ಎಸೆದು ಅಕ್ಕನಿಗೊಂದು ಸೀಟು ಹಿಡಿದುಕೊಟ್ಟೆ. ನನ್ನಂಥ ಮರ್ಯಾದಸ್ಥನಿಂದ ಆಗುವ ಸಹಾಯ ಅಷ್ಟೇ.